ತೂಕದ ಮುಳ್ಳು ನಿಂತಾಗ

ಆರಂಭಶೂರತ್ವವು ಮನುಷ್ಯನ ಸಹಜ ಗುಣಗಳಲ್ಲೊಂದು. ಬೊಜ್ಜು ಕರಗಿಸುವ ಸಂಕಲ್ಪದಲ್ಲಿ ಅದು ಎದ್ದು ಕಾಣುವಷ್ಟು ಬೇರೆಲ್ಲೂ ಕಾಣದು. ಯುಗಾದಿಯಂದು ಸಂಕಲ್ಪ ತೊಟ್ಟವರು ಮೊದಲ ತಿಂಗಳಲ್ಲಿ ಮೂರು ಕಿಲೋ ಇಳಿಸಿ ಹಿಗ್ಗುತ್ತಾರೆ. ಎರಡನೆಯ ತಿಂಗಳು ಒಂದು ಕಿಲೋ ಇಳಿಯುತ್ತದೆ. ನಾಲ್ಕನೆಯ ತಿಂಗಳಿಗೆ ತೂಕದ ಮುಳ್ಳು ನಿಂತಲ್ಲಿಯೇ ನಿಂತುಬಿಡುತ್ತದೆ. ಅಲ್ಲಿಗೆ ಬೆಳಗಿನ ನಡಿಗೆ ನಿಂತು, ಕರಿದ ತಿಂಡಿಗಳು ತಟ್ಟೆಗೆ ಮರಳಿ, ಹೋದ ತೂಕವು ಬಡ್ಡಿ ಸಮೇತ ಹಿಂದಿರುಗುತ್ತದೆ. ಮುಂಜಾನೆ ಲೋಕಲ್ ರೈಲು ಹಿಡಿದು, ದಿನವಿಡೀ ಕುರ್ಚಿಯಲ್ಲಿ ಕುಳಿತು, ರಾತ್ರಿ ಒಂಬತ್ತರ ಮೇಲೆ ಹೊಟ್ಟೆ ತುಂಬ ಉಣ್ಣುವ ನಮ್ಮಂಥ ಮುಂಬಯಿವಾಸಿಗಳಿಗೆ ಈ ಕಥೆ ಹೊಸದೇನಲ್ಲ.

ವೈದ್ಯಶಾಸ್ತ್ರ ನನ್ನ ಕ್ಷೇತ್ರವಲ್ಲ. ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ನನ್ನ ಆಯುಷ್ಯ ಕಳೆಯುತ್ತಿದೆ. ಆದರೂ ಈ ವಿಷಯದ ಅರ್ಧ ಭಾಗ ಲೆಕ್ಕಶಾಸ್ತ್ರವೇ ಆಗಿರುವುದರಿಂದ ನಾಲ್ಕು ಮಾತು ಹೇಳುವ ಧೈರ್ಯ ಮಾಡಿದ್ದೇನೆ.

ಮೊದಲ ತಿಂಗಳ ಲಾಭ

ನಮ್ಮ ಯಕೃತ್ತು ಮತ್ತು ಸ್ನಾಯುಗಳಲ್ಲಿ ಸುಮಾರು ಅರ್ಧ ಕಿಲೋದಷ್ಟು ಗ್ಲೈಕೊಜೆನ್ ಎಂಬ ಪಿಷ್ಟವು ಶೇಖರವಾಗಿರುತ್ತದೆ. ಅದರ ಒಂದೊಂದು ಗ್ರಾಮೂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅನ್ನ, ಸಿಹಿಗಳನ್ನು ಕಡಿಮೆ ಮಾಡಿದೊಡನೆ ಈ ಶೇಖರವು ಬಹುಮಟ್ಟಿಗೆ ಖರ್ಚಾಗಿ, ಅದರೊಂದಿಗೆ ನೀರೂ ಹೊರಬೀಳುತ್ತದೆ. ಮೊದಲ ವಾರಗಳಲ್ಲಿ ಇಳಿಯುವ ಒಂದೆರಡು ಕಿಲೋ ಇದೇ ಆಗಿರಬಹುದು. ನಿಜವಾದ ಕೊಬ್ಬು ಒಂದು ಕಿಲೋ ಕರಗಬೇಕಾದರೆ ಸುಮಾರು 7,700 ಕ್ಯಾಲೊರಿಗಳ ಕೊರತೆ ಬೇಕು. ದಿನಕ್ಕೆ 500 ಕ್ಯಾಲೊರಿ ಉಳಿಸಿದರೂ ಹದಿನೈದು ದಿನ ಹಿಡಿಯುತ್ತದೆ. ಆದ್ದರಿಂದ ಮೊದಲ ತಿಂಗಳ ಇಳಿಕೆಯು ಒಮ್ಮೆ ದೊರೆಯುವ ಬೋನಸ್ಸಿನಂತೆ. ಅದನ್ನೇ ತಿಂಗಳ ಸಂಬಳವೆಂದು ಭಾವಿಸಿದವರಿಗೆ ನಿರಾಶೆ ತಪ್ಪದು.

ಸವಕಳಿಯ ಲೆಕ್ಕ

ವಾಣಿಜ್ಯ ಓದಿದವರಿಗೆ ಯಂತ್ರದ ಸವಕಳಿಯ ಲೆಕ್ಕ ನೆನಪಿರಬಹುದು. ಉಳಿದ ಬೆಲೆಯ ಮೇಲೆ ವರ್ಷಕ್ಕೆ ಇಂತಿಷ್ಟು ಶೇಕಡಾ ಕಳೆಯುವ ಪದ್ಧತಿಯಲ್ಲಿ ಮೊದಲ ವರ್ಷ ದೊಡ್ಡ ಮೊತ್ತ ಕಳೆಯುತ್ತದೆ. ಬಳಿಕ ವರ್ಷ ವರ್ಷವೂ ಮೊತ್ತ ಕಿರಿದಾಗುತ್ತ ಹೋಗುತ್ತದೆ. ಅದೇ ದರ, ಆದರೆ ಶಿಲ್ಕು ಚಿಕ್ಕದು. ದೇಹದ ರೀತಿಯೂ ಹೀಗೆಯೇ. 80 ಕಿಲೋ ಶರೀರವನ್ನು ಹೊತ್ತು ನಡೆಯಲು ಬೇಕಾದಷ್ಟು ಶಕ್ತಿ 74 ಕಿಲೋ ಶರೀರಕ್ಕೆ ಬೇಡ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದನ್ನು ಅಂಕಿಗಳಲ್ಲಿ ತೋರಿಸಿದರು. ನಿತ್ಯದ ಆಹಾರದಲ್ಲಿ ಸುಮಾರು 24 ಕ್ಯಾಲೊರಿ ಶಾಶ್ವತವಾಗಿ ಕಡಿಮೆಯಾದರೆ ಕಟ್ಟಕಡೆಗೆ ಸುಮಾರು ಒಂದು ಕಿಲೋ ಇಳಿಯುತ್ತದೆ. ಅದರಲ್ಲಿ ಅರ್ಧ ಭಾಗ ಮೊದಲ ವರ್ಷದಲ್ಲಿ, ಶೇ. 95ರಷ್ಟು ಮೂರು ವರ್ಷಗಳಲ್ಲಿ. ದಿನದ ಮೂರು ಲೋಟ ಕಾಫಿಗೆ ಹಾಕುವ ಎರಡೆರಡು ಚಮಚ ಸಕ್ಕರೆಯನ್ನು ಬಿಟ್ಟರೆ 120 ಕ್ಯಾಲೊರಿ ಉಳಿಯಿತು. ಒಗ್ಗರಣೆ, ಪಲ್ಯಗಳಲ್ಲಿ ಒಂದು ದೊಡ್ಡ ಚಮಚ ಎಣ್ಣೆ ಉಳಿಸಿದರೆ ಮತ್ತೆ 120. ಒಟ್ಟು 240 ಕ್ಯಾಲೊರಿ, ಎಂದರೆ ಕಾಲಕ್ರಮದಲ್ಲಿ ಹತ್ತು ಕಿಲೋ. ಆದರೆ ಮೊದಲ ವರ್ಷಕ್ಕೆ ಐದೇ ಕಿಲೋ. ತಿಂಗಳಿಗೆ ಅರ್ಧ ಕಿಲೋ ಕೂಡ ಆಗಲಿಲ್ಲವೆಂದು ಕೈಬಿಟ್ಟವರು ಅವಧಿಗೆ ಮುನ್ನವೇ ಠೇವಣಿ ಮುರಿಸಿದವರಿಗೆ ಸಮಾನರು.

ಹಸಿವಿನ ತಗಾದೆ

ಹಾಗಾದರೆ ನಾಲ್ಕೇ ತಿಂಗಳಿಗೆ ಮುಳ್ಳು ನಿಲ್ಲುವುದೇಕೆ? ಹಾಲ್ ಅವರ ತಂಡವು 2016ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಒಂದು ಕಿಲೋ ಇಳಿದಾಗ ದೇಹದ ನಿತ್ಯದ ವೆಚ್ಚ 20-30 ಕ್ಯಾಲೊರಿ ಇಳಿದರೆ, ಹಸಿವು ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ. ಐದು ಕಿಲೋ ಇಳಿಸಿದವರ ಹೊಟ್ಟೆಯು ದಿನವೂ 500 ಕ್ಯಾಲೊರಿಗಾಗಿ ತಗಾದೆ ಮಾಡುತ್ತಿರುತ್ತದೆ. ಅನ್ನದ ಸೌಟು ಅರಿವಿಲ್ಲದೆಯೇ ತುಂಬುತ್ತದೆ. ಸಂಜೆಯ ವಡಾಪಾವ್ ಲೆಕ್ಕಕ್ಕೆ ಬಾರದೆ ಹೋಗುತ್ತದೆ.

ಇದಕ್ಕೆ ಮೊದಲ ಮದ್ದು ಖಾತೆ ಪುಸ್ತಕ. ಎರಡು ವಾರ ತಿಂದುದೆಲ್ಲವನ್ನೂ ಬರೆದಿಟ್ಟರೆ ಸೋರಿಕೆ ತಾನಾಗಿ ಗೋಚರಿಸುತ್ತದೆ. ಬೇಳೆಕಾಳು, ಮಜ್ಜಿಗೆ, ತರಕಾರಿಗಳು ಹಸಿವನ್ನು ಹೆಚ್ಚು ಹೊತ್ತು ತಡೆಯುತ್ತವೆ. ವಾರಕ್ಕೆ 150 ನಿಮಿಷಗಳ ಬಿರುಸು ನಡಿಗೆಯ ಜೊತೆಗೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವಿದ್ದರೆ ಕೊಬ್ಬಿನೊಡನೆ ಸ್ನಾಯುವೂ ಕರಗುವುದು ತಗ್ಗುತ್ತದೆ. ತಕ್ಕಡಿಯನ್ನಷ್ಟೇ ನಂಬದೆ ಟೇಪಿನಿಂದ ಸೊಂಟದ ಸುತ್ತಳತೆಯನ್ನೂ ನೋಡಬೇಕು. ಭಾರತೀಯ ಪುರುಷರಿಗೆ 90, ಸ್ತ್ರೀಯರಿಗೆ 80 ಸೆಂಟಿಮೀಟರು ಮಿತಿಯೆಂದು ವೈದ್ಯರು ಗೊತ್ತುಪಡಿಸಿದ್ದಾರೆ. ಹಬ್ಬದ ದಿನ ಹೋಳಿಗೆ ತಿಂದವರು ಮರುದಿನವೇ ನಿಯಮಕ್ಕೆ ಮರಳಿದರೆ ಸಾಕು. ಮಧುಮೇಹಕ್ಕೆ ಔಷಧಿ ಸೇವಿಸುವವರು ಮಾತ್ರ ವೈದ್ಯರನ್ನು ಕೇಳದೆ ಊಟ ತಗ್ಗಿಸಲಾಗದು.

ನಿಂತ ಮುಳ್ಳಿನ ಫಲ

ಇಷ್ಟಾದರೂ ಮುಳ್ಳು ಅಲುಗದಿದ್ದರೆ? ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಅವರ ನೇತೃತ್ವದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವನ್ನು ಇಲ್ಲಿ ಸ್ಮರಿಸಬೇಕು. ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿಯನ್ನು ನಾಲ್ಕು ಗುಂಪು ಮಾಡಿ ಮೂರು ವರ್ಷ ಗಮನಿಸಲಾಯಿತು. ಊಟ ಮತ್ತು ನಡಿಗೆಯ ನಿಯಮಗಳನ್ನಷ್ಟೇ ಕೈಗೊಂಡ ಗುಂಪಿನಲ್ಲಿ, ಯಾವ ನಿಯಮವೂ ಇಲ್ಲದ ಗುಂಪಿಗಿಂತ ಮಧುಮೇಹದ ಸಂಭವ ಶೇ. 28.5ರಷ್ಟು ತಗ್ಗಿತು. ಆ ಗುಂಪಿನ ತೂಕವಾದರೋ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ!

ಊರು ಬಿಟ್ಟು ಬಂದು, ದುಡಿದು, ಮನೆ ಕಟ್ಟಿ, ಮಕ್ಕಳನ್ನು ಓದಿಸಿದ ನಾವು ಮಾಸಿಕ ಕಂತಿನ ಮಹಿಮೆಯನ್ನು ಬಲ್ಲವರು. ಒಂದು ಕಂತಿನಿಂದ ಸಾಲ ತೀರದೆಂದು ಯಾರೂ ಕಂತು ಕಟ್ಟುವುದನ್ನು ಬಿಡುವುದಿಲ್ಲ. ಶರೀರದ ಖಾತೆಗೂ ಅದೇ ತಾಳ್ಮೆ ಸಲ್ಲಲಿ.