ಚೆಂಡು ಗೋಡೆಯೊಳಗಿಂದ ಹಾಯ್ದುಹೋದರೆ: ಡಿಕ್ಕಿಯ ಸಿಮ್ಯುಲೇಶನ್‌ನಲ್ಲಿ ದೋಷ ಹುಡುಕುವ ಕ್ರಮ

ಒಂಬತ್ತನೆಯ ತರಗತಿಯ ‘ಬಲ ಮತ್ತು ಚಲನೆಯ ನಿಯಮಗಳು’ ಘಟಕಕ್ಕೆ ನಮ್ಮಲ್ಲಿ ಹಲವರು ಕಂಪ್ಯೂಟರ್ ಸಿಮ್ಯುಲೇಶನ್ ಬಳಸುತ್ತೇವೆ. ವಿಜಯಪುರದಿಂದ ತಿಕೋಟಾ, ಬಬಲೇಶ್ವರದ ಶಾಲೆಗಳಿಗೆ ಅಭ್ಯಾಸ ಬೋಧನೆಗೆ ಹೋಗುವಾಗ ನಾನೂ ಒಂದು ಸ್ಪ್ರೆಡ್‌ಶೀಟ್ ಮಾದರಿಯನ್ನು ಒಯ್ಯುತ್ತೇನೆ. ಇಂಥ ಮಾದರಿಗಳಲ್ಲಿ ಚೆಂಡು ಕೆಲವೊಮ್ಮೆ ಗೋಡೆಯೊಳಗಿಂದ ಹಾಯ್ದುಹೋಗುತ್ತದೆ. ಕೆಲವೊಮ್ಮೆ ಬಂದದ್ದಕ್ಕಿಂತ ಹೆಚ್ಚು ವೇಗದಲ್ಲಿ ಹಿಂದಿರುಗುತ್ತದೆ. ‘ಕಂಪ್ಯೂಟರ್ ಕೆಟ್ಟಿದೆ’ ಎಂದು ಪಾಠ ಮುಂದುವರಿಸಿದರೆ, ನ್ಯೂಟನ್‌ನ ನಿಯಮ ಎಲ್ಲ ಕಡೆ ನಡೆಯುವುದಿಲ್ಲ ಎಂದು ಕೆಲವು ಮಕ್ಕಳು ತಿಳಿಯುತ್ತಾರೆ. ಪರದೆಯ ಮೇಲೆ ಬಂದದ್ದೆಲ್ಲ ನಿಜ ಎಂದು ಉಳಿದವರು ನಂಬುತ್ತಾರೆ. ಆದ್ದರಿಂದ ದೋಷವನ್ನು ತರಗತಿಯಲ್ಲೇ, ಕ್ರಮವಾಗಿ ಹುಡುಕಬೇಕು.

ಮೊದಲು, ಸಂಪರ್ಕವನ್ನು ಹೇಳಲಾಗಿದೆಯೇ? ನಿಜವಾದ ಗೋಡೆಗೆ ಚೆಂಡನ್ನು ತಡೆ ಎಂದು ಯಾರೂ ಹೇಳಬೇಕಿಲ್ಲ. ಪರದೆಯ ಗೋಡೆ ಬರೀ ಅಂಕಿಗಳ ಗುಂಪು. ‘ಈ ಎರಡು ವಸ್ತುಗಳು ತಾಗಿದರೆ ಬಲ ಹುಟ್ಟಲಿ’ ಎಂಬ ಸೂಚನೆ ಇಲ್ಲದಿದ್ದರೆ ಅವು ಒಂದನ್ನೊಂದು ಅರಿಯುವುದೇ ಇಲ್ಲ. ಹಾಗೆಯೇ ಆರಂಭದಲ್ಲೇ ಒಂದು ವಸ್ತು ಇನ್ನೊಂದರೊಳಗೆ ಸ್ವಲ್ಪ ಹೊಕ್ಕಿದ್ದರೆ, ಮೊದಲ ಕ್ಷಣದಲ್ಲೇ ಅವು ಸಿಡಿದು ದೂರ ಹಾರುತ್ತವೆ.

ಎರಡನೆಯದು, ಸಮಯದ ಹೆಜ್ಜೆ. ಕಂಪ್ಯೂಟರ್ ಚಲನೆಯನ್ನು ನಿರಂತರವಾಗಿ ನೋಡುವುದಿಲ್ಲ. ಹೆಜ್ಜೆಗೊಮ್ಮೆ ಕಣ್ಣು ತೆರೆಯುತ್ತದೆ. ಇದಕ್ಕೆ ನಾನು ವಿಜಯಪುರದ ಶೆರ್ಜಾ ಬುರುಜಿನ ಮೇಲಿರುವ, 1549ರಲ್ಲಿ ಎರಕಹೊಯ್ದ ಮಲಿಕ್-ಎ-ಮೈದಾನ್ ತೋಪಿನ ಉದಾಹರಣೆ ಕೊಡುತ್ತೇನೆ. ಲೆಕ್ಕದ ಸಲುವಾಗಿ ಗುಂಡಿನ ವೇಗ ಸೆಕೆಂಡಿಗೆ 200 ಮೀಟರ್ ಎಂದಿರಲಿ. ಎದುರಿನ ಗೋಡೆ 9ನೇ ಮೀಟರಿನಿಂದ 11ನೇ ಮೀಟರಿನವರೆಗೆ ಇರಲಿ. ಹೆಜ್ಜೆ 0.02 ಸೆಕೆಂಡ್ ಆದರೆ ಗುಂಡು ಪ್ರತಿ ಸಲ 4 ಮೀಟರ್ ಸಾಗುತ್ತದೆ: 0, 4, 8, 12. ಗೋಡೆಯೊಳಗೆ ಅದು ಒಮ್ಮೆಯೂ ಕಾಣಲಿಲ್ಲ! ಹೆಜ್ಜೆಯನ್ನು 0.002 ಸೆಕೆಂಡಿಗೆ ಇಳಿಸಿದರೆ 8.8ರ ನಂತರ 9.2 ಬರುತ್ತದೆ; ಸಂಪರ್ಕ ಸಿಕ್ಕಿತು. ಕಂಪ್ಯೂಟರ್ ಇಲ್ಲದ ಶಾಲೆಯಲ್ಲೂ ಈ ಕೋಷ್ಟಕವನ್ನು ಮಕ್ಕಳಿಂದಲೇ ಕಪ್ಪುಹಲಗೆಯ ಮೇಲೆ ತುಂಬಿಸಬಹುದು.

ಮೂರನೆಯದು, ಗೋಡೆಯ ಗಡಸುತನ. ಅನೇಕ ಸಿಮ್ಯುಲೇಶನ್‌ಗಳು ಸಂಪರ್ಕವನ್ನು ಒಂದು ಸ್ಪ್ರಿಂಗ್‌ನಂತೆ ಕಾಣುತ್ತವೆ: ವಸ್ತು ಒಳಹೊಕ್ಕಷ್ಟೂ ಹೊರತಳ್ಳುವ ಬಲ ಹೆಚ್ಚು. 1 ಕಿ.ಗ್ರಾಂ. ಚೆಂಡು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬರಲಿ. ಸ್ಪ್ರಿಂಗ್ ಸ್ಥಿರಾಂಕ ಮೀಟರಿಗೆ 10,000 ನ್ಯೂಟನ್ ಇದ್ದರೆ ಚೆಂಡು 5 ಸೆಂ.ಮೀ. ಒಳಗಿಳಿಯುತ್ತದೆ. ಇದು ಮೆದು ಗೋಡೆ. ಸ್ಥಿರಾಂಕವನ್ನು 100 ಪಟ್ಟು ಹೆಚ್ಚಿಸಿದರೆ ಇಳಿತ 0.5 ಸೆಂ.ಮೀ.; ಆದರೆ ಸಂಪರ್ಕದ ಅವಧಿಯೂ ಸುಮಾರು 0.031 ಸೆಕೆಂಡಿನಿಂದ 0.0031 ಸೆಕೆಂಡಿಗೆ ಕುಗ್ಗುತ್ತದೆ. ಆಗ ಹೆಜ್ಜೆ 0.005 ಸೆಕೆಂಡಾಗಿಯೇ ಉಳಿದರೆ ಚೆಂಡು ಒಂದೇ ನೆಗೆತಕ್ಕೆ 2.5 ಸೆಂ.ಮೀ.ವರೆಗೂ ಒಳಸೇರಬಹುದು. ಬಲ 25,000 ನ್ಯೂಟನ್ ಆಗುತ್ತದೆ. ಆ ಒಂದು ಹೆಜ್ಜೆಯಲ್ಲಿ ವೇಗ 125 ಮೀಟರಿನಷ್ಟು ಬದಲಾಗಿ ಚೆಂಡು ಸೆಕೆಂಡಿಗೆ 120 ಮೀಟರ್ ವೇಗದಲ್ಲಿ ಹಿಂದಕ್ಕೆ ಚಿಮ್ಮುತ್ತದೆ. ಗೋಡೆ ಗಡಸಾದಂತೆ ಹೆಜ್ಜೆಯೂ ಚಿಕ್ಕದಾಗಬೇಕು. 0.0001 ಸೆಕೆಂಡ್ ಇಟ್ಟರೆ ಸಂಪರ್ಕದ ಅವಧಿಯಲ್ಲಿ ಸುಮಾರು 30 ಹೆಜ್ಜೆಗಳು ಸಿಗುತ್ತವೆ.

ಕೊನೆಯದು, ಶಕ್ತಿಯ ಲೆಕ್ಕ. ಮೇಲಿನ ಚೆಂಡಿನ ಚಲನಶಕ್ತಿ ಬರುವಾಗ 12.5 ಜೂಲ್, ಹೋಗುವಾಗ 7,200 ಜೂಲ್. ನಿಂತ ಗೋಡೆ ಇಷ್ಟು ಶಕ್ತಿಯನ್ನು ಎಲ್ಲಿಂದ ಕೊಟ್ಟೀತು? ಈ ಪ್ರಶ್ನೆಯನ್ನು ಮಕ್ಕಳೇ ಕೇಳುವಂತಾದರೆ, ಚಿತ್ರ ಎಷ್ಟೇ ಚೆಂದ ಕಂಡರೂ ಅವರು ಮೋಸಹೋಗುವುದಿಲ್ಲ.

ಕಾರುಗಳ ಅಪಘಾತ ಪರೀಕ್ಷೆಯನ್ನು ಕಂಪ್ಯೂಟರ್‌ನಲ್ಲಿ ನಡೆಸುವ ಎಂಜಿನಿಯರರೂ ಇವೇ ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಾರೆ. ಅಲ್ಲಿ ತಪ್ಪು ಉತ್ತರದ ಬೆಲೆ ಪ್ರಯಾಣಿಕರ ಜೀವ. ಪಾಠಯೋಜನೆಯಲ್ಲಿ ಇದಕ್ಕೆ ಹತ್ತು ನಿಮಿಷ ಇಟ್ಟರೆ ಸಾಕು: ಹಾಯ್ದುಹೋಗುವ ಚೆಂಡನ್ನು ಮೊದಲು ತೋರಿಸಿ, ಕಾರಣವನ್ನು ಮಕ್ಕಳಿಂದ ಊಹಿಸಿ ಬರೆಸಿ, ಆಮೇಲೆ ಒಂದು ಸಲಕ್ಕೆ ಒಂದೇ ಅಂಕಿಯನ್ನು ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದು ಕಾರಣವೆಂದು ನಮಗೂ ತಿಳಿಯದು, ಮಕ್ಕಳಿಗೂ ತಿಳಿಯದು.