ಕಾಯಕದ ಆಯ್ಕೆಯೂ ಮಕ್ಕಳ ಮನೋಧರ್ಮವೂ

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದೊಡನೆ ಶ್ರೀಮಠಕ್ಕೆ ಬರುವ ಪೋಷಕರಲ್ಲಿ ಬಹುತೇಕರ ಪ್ರಶ್ನೆ ಒಂದೇ: ಇಂಜಿನಿಯರಿಂಗೋ, ವೈದ್ಯಕೀಯವೋ? ಪಕ್ಕದಲ್ಲಿ ನಿಂತ ಮಗನ ಅಥವಾ ಮಗಳ ಒಲವೇನೆಂಬುದು ಅನೇಕ ವೇಳೆ ಚರ್ಚೆಗೇ ಬಂದಿರುವುದಿಲ್ಲ.

ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೇದಾರ ಕೇತಯ್ಯ ಮೊದಲಾದ ಶರಣರ ಹೆಸರಿನಲ್ಲಿಯೇ ಅವರ ಕಾಯಕ ಬೆಸೆದುಕೊಂಡಿದೆ. ಇದನ್ನು ಮುಂದಿಟ್ಟು, ಒದಗಿದ ಕೆಲಸಕ್ಕೆ ಅಂಟಿಕೊಂಡಿರುವುದೇ ಕಾಯಕವೆಂದು ವಾದಿಸುವವರುಂಟು. ಅದು ಅರೆಸತ್ಯ. ಶರಣರು ವೃತ್ತಿಗಳ ನಡುವಣ ಮೇಲುಕೀಳನ್ನು ನಿರಾಕರಿಸಿದರು. ಮೇಲುಕೀಳು ಅಳಿದಲ್ಲಿ ಮಾತ್ರ ಆಯ್ಕೆಗೆ ಅರ್ಥವಿದೆ. ಪರಂಪರೆಯ ಕಥನದಂತೆ ಕಾಶ್ಮೀರದ ಅರಸರಾಗಿದ್ದ ಮೋಳಿಗೆಯ ಮಾರಯ್ಯನವರು ಸಿಂಹಾಸನ ತೊರೆದು, ಕಲ್ಯಾಣದಲ್ಲಿ ಕಟ್ಟಿಗೆ ಮಾರುವ ಕಾಯಕವನ್ನು ತಾವಾಗಿಯೇ ಆರಿಸಿಕೊಂಡರು.

ಇಂದಿನ ಮನೋವಿಜ್ಞಾನದಲ್ಲಿ ಈ ಆಯ್ಕೆಗೊಂದು ಕ್ರಮ ಒದಗಿಸಿದವರು ಅಮೆರಿಕದ ಜಾನ್ ಹಾಲೆಂಡ್. 1959ರಲ್ಲಿ ಪ್ರಕಟಗೊಂಡು ಮುಂದೆ ಬೆಳೆದ ಅವರ ಸಿದ್ಧಾಂತವು ಮನೋಧರ್ಮವನ್ನು ಆರು ಬಗೆಯಾಗಿ ಗುರುತಿಸುತ್ತದೆ: ಉಪಕರಣಗಳೊಡನೆ ಕೈಗೆಲಸ ಮಾಡಬಯಸುವವರು, ಕಾರಣ ಶೋಧಿಸುವವರು, ಕಲೆಯಲ್ಲಿ ಸೃಜಿಸುವವರು, ಜನರಿಗೆ ನೆರವಾಗುವವರು, ಮುಂದಾಳಾಗಿ ವ್ಯವಹಾರ ನಡೆಸುವವರು, ಲೆಕ್ಕಪತ್ರಗಳನ್ನು ಅಚ್ಚುಕಟ್ಟಾಗಿಡುವವರು. ಒಬ್ಬರಲ್ಲಿ ಎರಡು ಮೂರು ಬಗೆಗಳು ಕೂಡಿರುವುದೇ ಸಹಜ. ಬಿಜ್ಜಳನ ಭಂಡಾರದ ಲೆಕ್ಕ ನೋಡಿಕೊಂಡು, ಶರಣ ಸಮೂಹವನ್ನು ಕಟ್ಟಿ, ವಚನಗಳನ್ನೂ ರಚಿಸಿದ ಬಸವಣ್ಣನವರನ್ನು ಯಾವ ಬಗೆಗೆ ಸೇರಿಸೋಣ? ಇನ್ನೊಂದು ಎಚ್ಚರಿಕೆಯೂ ಅಗತ್ಯ. ಇಂತಹ ಪ್ರಶ್ನಾವಳಿಗಳು ಆಸಕ್ತಿಯನ್ನು ತೋರಿಸುತ್ತವೆಯೇ ಹೊರತು ಸಾಮರ್ಥ್ಯವನ್ನಲ್ಲ. ಹದಿನೇಳರ ಆಸಕ್ತಿ ಇಪ್ಪತ್ತೈದರಲ್ಲಿ ಬದಲಾಗಲೂಬಹುದು.

ಮೈಸೂರಿನವರಿಗೆ ಆಯ್ಕೆಗಳ ಕೊರತೆಯಿಲ್ಲ. ತಾಳ್ಮೆಯಿಂದ ಆಲಿಸುವ, ಮಕ್ಕಳೊಡನೆ ಬೆರೆಯುವ ಸ್ವಭಾವದವರಿಗೆ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಮಾತು ಮತ್ತು ಶ್ರವಣದೋಷಗಳನ್ನು ಗುರುತಿಸಿ ಚಿಕಿತ್ಸೆ ನೀಡುವ ವೃತ್ತಿಗೆ ಅಲ್ಲಿ ಪದವಿ ಶಿಕ್ಷಣವುಂಟು. ಪಾಠ ಹೇಳುವ ಹಂಬಲವುಳ್ಳವರು ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ವಿಜ್ಞಾನವನ್ನೂ ಬೋಧನೆಯನ್ನೂ ನಾಲ್ಕು ವರ್ಷಗಳಲ್ಲಿ ಒಟ್ಟಿಗೆ ಕಲಿಯಬಹುದು. ಚಿತ್ರ, ಶಿಲ್ಪಗಳಲ್ಲಿ ಒಲವಿದ್ದರೆ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜಿದೆ. ಇಷ್ಟಿದ್ದೂ ನೆರೆಮನೆಯ ಮಗ ಸೇರಿದ ಕೋರ್ಸನ್ನೇ ಹುಡುಕುವುದು ವಿಷಾದನೀಯ.

ವರಮಾನದ ಮಾತು ಹಗುರವಾದುದಲ್ಲ. ಸಾಲ ಮಾಡಿ ಓದಿಸುವ ಕುಟುಂಬ ಅದನ್ನು ಕೇಳಲೇಬೇಕು. ಆದರೆ ಒಲ್ಲದ ಕೋರ್ಸಿಗೆ ಸಾಲ ಮಾಡಿ, ಎರಡನೆಯ ವರ್ಷದಲ್ಲಿ ಮಗ ಓದು ಬಿಟ್ಟು ಮನೆಗೆ ಬಂದರೆ ಆ ಲೆಕ್ಕವೂ ತಪ್ಪುತ್ತದೆ. ಅರ್ಜಿ ಸಲ್ಲಿಸುವ ಮುನ್ನ, ಆ ವೃತ್ತಿಯಲ್ಲಿರುವ ಪರಿಚಿತರೊಡನೆ ಮಗುವನ್ನು ಒಂದು ದಿನ ಕಳುಹಿಸಿ, ಸಂಜೆ ಏನನ್ನಿಸಿತೆಂದು ಕೇಳಬೇಕು. ಉತ್ತರ ಬರುವವರೆಗೆ ಹಿರಿಯರು ತಮ್ಮ ಅಭಿಪ್ರಾಯವನ್ನು ಹೇಳದಿರುವುದು ಒಳಿತು.