ಅಲುಗಾಡ್ಬೇಡ ಗುರು! ಎಲೆಕ್ಟ್ರಾನಿಕ್ ಸಿಟಿ ಟೆರೇಸಿಂದ ಗ್ರಹಗಳ ಫೋಟೋ

ಟೆಲಿಸ್ಕೋಪ್ ಅಂದ ತಕ್ಷಣ ಹಾಸ್ಟೆಲ್‌ನಲ್ಲಿ ಬರೋ ಮಾತು ಒಂದೇ: "ಇಲ್ಲೇನ್ ಕಾಣುತ್ತೆ ಮಗಾ, ಕೊಡಗಿಗೆ ಹೋಗ್ಬೇಕು." ಫ್ಲೈಓವರ್ ದೀಪ, ಟೆಕ್ ಪಾರ್ಕ್ ದೀಪ ಎಲ್ಲಾ ಸೇರಿ ಎಲೆಕ್ಟ್ರಾನಿಕ್ ಸಿಟಿಯ ಆಕಾಶ ಮಧ್ಯರಾತ್ರಿಯೂ ಪೂರ್ತಿ ಕಪ್ಪಾಗಲ್ಲ, ನಿಜ. ಆಕಾಶಗಂಗೆಯ ಫೋಟೋ ಬೇಕಿದ್ರೆ ಊರು ಬಿಟ್ಟು ಹೋಗಲೇಬೇಕು. ಆದರೆ ಗುರು, ಶನಿ, ಮಂಗಳಕ್ಕೆ ಈ ಲೆಕ್ಕ ಅನ್ವಯಿಸಲ್ಲ. ಗುರು ಗ್ರಹ ಎಷ್ಟು ಪ್ರಕಾಶಮಾನ ಅಂದ್ರೆ, ಒಂದು ಫ್ರೇಮ್‌ಗೆ ಸೆಕೆಂಡಿನ ನೂರನೇ ಒಂದು ಭಾಗದಷ್ಟು ಎಕ್ಸ್‌ಪೋಷರ್ ಸಾಕಾಗುತ್ತೆ. ಅಷ್ಟರಲ್ಲಿ ಊರಿನ ಮಬ್ಬು ಬೆಳಕು ಕ್ಯಾಮೆರಾಗೆ ಹೆಚ್ಚುಕಮ್ಮಿ ಗೊತ್ತೇ ಆಗಲ್ಲ.

ತೊಂದರೆ ಕೊಡೋದು ಗಾಳಿ

ಕಾದ ದೋಸೆ ಕಾವಲಿಯ ಆಚೆ ಇರೋದೆಲ್ಲ ನಡುಗಿದ ಹಾಗೆ ಕಾಣುತ್ತಲ್ಲ, ಇಲ್ಲೂ ಅದೇ ಆಗೋದು. ಬಿಸಿ ಗಾಳಿ, ತಣ್ಣನೆ ಗಾಳಿ ಬೆರೆತಾಗ ಬೆಳಕು ಬೇರೆ ಬೇರೆ ಕಡೆ ಬಾಗಿ, ಗ್ರಹದ ಚಿತ್ರ ಕುಲುಕುತ್ತೆ. ಗಾಳಿ ಎಷ್ಟು ನೆಮ್ಮದಿಯಾಗಿದೆ ಅನ್ನೋದಕ್ಕೆ 'ಸೀಯಿಂಗ್' ಅಂತಾರೆ.

ವೈಟ್‌ಫೀಲ್ಡ್ ಆಚೆ ಹೊಸಕೋಟೆಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ಕ್ಯಾಂಪಸ್ ಇದೆ. ಅಲ್ಲಿ ಕೂತೇ ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನು ನಡೆಸುತ್ತಾರೆ. ಅದು ಇರೋದು ಸುಮಾರು 4,500 ಮೀಟರ್ ಎತ್ತರದಲ್ಲಿ. ವಾತಾವರಣದ ಸುಮಾರು ಶೇ 40ರಷ್ಟು ಗಾಳಿ ಅದರ ಕೆಳಗೇ ಉಳಿದುಬಿಡುತ್ತೆ.

ಟೆರೇಸ್ ಮೇಲಿರೋ ನಾವು ಏನು ಮಾಡಬಹುದು? ಹಗಲೆಲ್ಲ ಕಾದ ಕಾಂಕ್ರೀಟು, ಪೀಣ್ಯದ ಶೀಟ್ ಛಾವಣಿಗಳು ಸಂಜೆ ಮೇಲೆ ಶಾಖ ಬಿಡ್ತವೆ. ಅದಕ್ಕೇ ರಾತ್ರಿ ಹನ್ನೊಂದರವರೆಗೆ ಕಾಯಿರಿ. ಏಸಿ ಔಟ್‌ಡೋರ್ ಯೂನಿಟ್‌ಗಳ ಮೇಲಿಂದ ನೋಡ್ಬೇಡಿ. ಹುಲ್ಲಿರೋ ಗ್ರೌಂಡ್ ಸಿಕ್ಕರೆ ಟೆರೇಸ್‌ಗಿಂತ ವಾಸಿ. ರೂಮಿಂದ ತಂದ ಟೆಲಿಸ್ಕೋಪನ್ನು ಅರ್ಧ ಗಂಟೆ ಹೊರಗಿಟ್ಟು ತಣ್ಣಗಾಗಲು ಬಿಡಿ. ನಕ್ಷತ್ರಗಳು ಸಿಕ್ಕಾಪಟ್ಟೆ ಮಿನುಗ್ತಿದ್ರೆ ಆ ರಾತ್ರಿ ಹೋಗಿ ಮಲಗಿ: ಕವಿಗೆ ಚೆಂದ, ಕ್ಯಾಮೆರಾಗೆ ಕಷ್ಟ.

ಒಂದು ಲಾಭವೂ ನಮಗಿದೆ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರೋದರಿಂದ ಗ್ರಹಗಳು ಇಲ್ಲಿ ತುಂಬಾ ಎತ್ತರಕ್ಕೆ ಏರ್ತವೆ. 2026ರ ಜನವರಿಯ ಗುರು ನಮ್ಮ ನೆತ್ತಿಯಿಂದ ಹತ್ತು ಡಿಗ್ರಿ ಕೂಡ ದೂರ ಇಲ್ಲದೆ ಹಾದುಹೋಗುವ ಗ್ರಹ. ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿರುವ ಗ್ರಹವನ್ನು ನೋಡುವಾಗ, ನೆತ್ತಿಯ ಮೇಲಿರುವುದಕ್ಕಿಂತ ಎರಡು ಪಟ್ಟು ಗಾಳಿಯ ಮೂಲಕ ನೋಡ್ತಿರ್ತೀವಿ.

ಫೋಟೋ ಬೇಡ, ವಿಡಿಯೋ ತೆಗೀರಿ

ಮೊದಲ ರಾತ್ರಿ ಫೋನನ್ನು ಐಪೀಸ್‌ಗೆ ಹಿಡಿದವರಿಗೆ ಸಾಮಾನ್ಯವಾಗಿ ಸಿಗೋದು ಒಂದು ಬಿಳಿ ಉಂಡೆ. ಕಪ್ಪು ಹಿನ್ನೆಲೆ ನೋಡಿ ಫೋನ್ ತಾನೇ ಎಕ್ಸ್‌ಪೋಷರ್ ಹೆಚ್ಚಿಸಿಬಿಡುತ್ತೆ. ಗ್ರಹದ ಮೇಲೆ ಬೆರಳಿಟ್ಟು ಲಾಕ್ ಮಾಡಿ, ಬೆಳಕು ಇಳಿಸಿ. ಗುರುವಿನ ಎರಡು ಕಂದು ಪಟ್ಟಿಗಳು ಆಗ ಕಾಣಿಸಿಕೊಳ್ತವೆ. ಕೈ ನಡುಗದ ಹಾಗೆ ಫೋನ್ ಹೋಲ್ಡರ್ ಹಾಕಿ.

ಚಿತ್ರ ಎಷ್ಟು ಚಿಕ್ಕದು ಗೊತ್ತಾ? 650 ಮಿಲಿಮೀಟರ್ ಫೋಕಲ್ ಲೆಂತ್ ಇರುವ ಟೆಲಿಸ್ಕೋಪ್‌ಗೆ ನೇರವಾಗಿ ಕ್ಯಾಮೆರಾ ಹಾಕಿದ್ರೆ, ಹತ್ತಿರ ಬಂದ ಗುರುವಿನ ಬಿಂಬ ಸೆನ್ಸರ್ ಮೇಲೆ ಬರೀ 0.14 ಮಿಲಿಮೀಟರ್! ಅದನ್ನು ಎರಡು ಮೂರು ಪಟ್ಟು ಹಿಗ್ಗಿಸೋಕೆ ಬಾರ್ಲೋ ಲೆನ್ಸ್ ಬೇಕು. ಭೂಮಿ ತಿರುಗೋದರಿಂದ ಗುರು ತನ್ನ ವ್ಯಾಸದಷ್ಟು ದೂರವನ್ನು ಮೂರೇ ಸೆಕೆಂಡಲ್ಲಿ ಜಾರುತ್ತೆ. ಮೋಟಾರ್ ಇಲ್ಲದಿದ್ರೆ ಗ್ರಹವನ್ನು ಫ್ರೇಮ್‌ನ ಒಂದು ಅಂಚಲ್ಲಿಟ್ಟು, ಇನ್ನೊಂದು ಅಂಚಿಗೆ ಹೋಗೋವರೆಗೆ ರೆಕಾರ್ಡ್ ಮಾಡಿ, ಮತ್ತೆ ಅದನ್ನೇ ಮಾಡಿ.

ಈಗ ಎಂಜಿನಿಯರಿಂಗ್. ಸೆಕೆಂಡಿಗೆ 60 ಫ್ರೇಮ್‌ನಂತೆ ಎರಡು ನಿಮಿಷಕ್ಕೆ 7,200 ಫ್ರೇಮ್. ಗಾಳಿ ಕ್ಷಣಕಾಲ ಸುಮ್ಮನಾದಾಗ ಸಿಕ್ಕ ಒಳ್ಳೆ ಶೇ 10, ಅಂದ್ರೆ 720 ಫ್ರೇಮ್ ಮಾತ್ರ ಆರಿಸಿ ಒಂದರ ಮೇಲೊಂದು ಜೋಡಿಸಿ ಸರಾಸರಿ ತೆಗೀತಾರೆ. ಸಿಗ್ನಲ್ಸ್ ಕ್ಲಾಸಲ್ಲಿ ಕಲಿತಿದ್ದೇ: ರ‍್ಯಾಂಡಮ್ ನಾಯ್ಸ್ 720ರ ವರ್ಗಮೂಲದಷ್ಟು, ಸುಮಾರು 27 ಪಟ್ಟು ಕಡಿಮೆಯಾಗುತ್ತೆ. ಗ್ರಹವನ್ನು ಫ್ರೇಮ್ ಮಧ್ಯಕ್ಕೆ ತರೋಕೆ ಪಿಪ್, ಆರಿಸಿ ಜೋಡಿಸೋಕೆ ಆಟೋಸ್ಟ್ಯಾಕರ್ಟ್, ಚೂಪು ಮಾಡೋಕೆ ರೆಜಿಸ್ಟ್ಯಾಕ್ಸ್. ಮೂರೂ ಫ್ರೀ.

ಹಾಗಂತ ಅರ್ಧ ಗಂಟೆ ರೆಕಾರ್ಡ್ ಮಾಡೋ ಹಾಗಿಲ್ಲ. ಗುರು ಹತ್ತು ಗಂಟೆಯೊಳಗೇ ಒಂದು ಸುತ್ತು ತಿರುಗಿಬಿಡುತ್ತೆ. ಎರಡು ಮೂರು ನಿಮಿಷ ದಾಟಿದ್ರೆ ಮೋಡಗಳ ವಿವರ ಕಲಸಿಹೋಗಲು ಶುರುವಾಗುತ್ತೆ.

ಒಂದು ಎಚ್ಚರಿಕೆ: ಶುಕ್ರ, ಬುಧ ಹುಡುಕೋರು ಸೂರ್ಯ ಪೂರ್ತಿ ಮುಳುಗೋವರೆಗೆ ಟೆಲಿಸ್ಕೋಪ್ ಮುಟ್ಟಬೇಡಿ. ಸೂರ್ಯನ ಬೆಳಕು ಐಪೀಸ್ ಮೂಲಕ ಕಣ್ಣಿಗೆ ಬಿದ್ರೆ ದೃಷ್ಟಿಯೇ ಹೋಗಬಹುದು.

ನಿಮ್ಮ ಮೊದಲ ಚಿತ್ರ ನಾಸಾ ಫೋಟೋ ತರ ಇರಲ್ಲ. ಎರಡು ಪಟ್ಟಿ, ಅಕ್ಕಪಕ್ಕ ನಾಲ್ಕು ಚುಕ್ಕಿ, ಅಷ್ಟೇ. ಎಕ್ಸ್‌ಪೋಷರ್ ಸ್ವಲ್ಪ ಏರಿಸಿದ್ರೆ ಆ ಚುಕ್ಕಿಗಳು, ಅಂದ್ರೆ ಗುರುವಿನ ಚಂದ್ರರು, ಇನ್ನೂ ಸ್ಪಷ್ಟ. ಒಂದು ಗಂಟೆ ಬಿಟ್ಟು ಮತ್ತೆ ತೆಗೀರಿ. ಒಳಗಿನ ಚಂದ್ರ ಅಯೋ ಜಾಗ ಬದಲಿಸಿರುತ್ತೆ. ಅದನ್ನ ನೋಡೋಕೆ ಕೊಡಗಿನ ಬಸ್ ಟಿಕೆಟ್ ಬೇಕಾಗಿಲ್ಲ, ಟೆರೇಸ್ ಬೀಗದ ಕೈ ಸಿಕ್ಕರೆ ಸಾಕು.